ರೀಲು ಕ್ಯಾಮೆರಾದ ಗಟ್ಟಿತನ: ಐದು ತಾಲ್ಲೂಕುಗಳ ಬಿಸಿಲು, ದೂಳಿನ ನಡುವೆ ಒಂದು ಪರಿಶೀಲನೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ವಿಜಯನಗರ ಜಿಲ್ಲೆಯ ಈ ಐದು ಊರುಗಳಲ್ಲಿ ರೀಲಿನ ಕಾಲದಲ್ಲಿ ಸ್ಟುಡಿಯೋ ನಡೆಸಿದವರನ್ನು ಮಾತಿಗೆ ಎಳೆದರೆ, ಮಾತು ಬೇಗನೆ ಒಂದು ತೀರ್ಪಿಗೆ ಬಂದು ನಿಲ್ಲುತ್ತದೆ: ಆಗಿನ ಕ್ಯಾಮೆರಾ ಗಟ್ಟಿ, ಈಗಿನವು ಬರೀ ಪ್ಲಾಸ್ಟಿಕ್ಕು. ಕೈಯಲ್ಲಿ ಹಿಡಿದರೆ ಆ ಮಾತು ನಿಜವೆನಿಸುತ್ತದೆ. ಪೆಂಟಾಕ್ಸ್ ಕೆ1000 ಆಗಲಿ, ನಿಕಾನ್ ಎಫ್‌ಎಂ2 ಆಗಲಿ, ಅಂಗೈಗೆ ತಣ್ಣಗೆ, ಭಾರವಾಗಿ ಕೂರುತ್ತದೆ. ಬಟನ್ ಒತ್ತಿದರೆ ಒಳಗೆ ಕಬ್ಬಿಣವೇ ಕಬ್ಬಿಣಕ್ಕೆ ಬಡಿದಂಥ ಸದ್ದು. ಆದರೆ ಭಾರ, ಸದ್ದು ಇವೆರಡೂ ಬಾಳಿಕೆಗೆ ಸಾಕ್ಷಿ ಆಗುವುದಿಲ್ಲ. ಈ ಕ್ಯಾಮೆರಾಗಳು ನಿಜಕ್ಕೂ ಯಾವುದನ್ನು ತಾಳಿದವು, ಯಾವುದನ್ನು ತಾಳಲಿಲ್ಲ, ನಮ್ಮ ಬಯಲುಸೀಮೆಯ ಹವೆ ಅವುಗಳಿಗೆ ಏನು ಮಾಡಿತು ಎಂಬುದನ್ನು ಬಿಡಿಸಿ ನೋಡಬೇಕು.

ಮೊದಲು ಒಳಗಿನ ಕೆಲಸ. ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿನ ಹಿಂದೆ ಓರೆಯಾಗಿ ಒಂದು ಕನ್ನಡಿ ಇರುತ್ತದೆ. ಲೆನ್ಸಿನಿಂದ ಬಂದ ಬೆಳಕನ್ನು ಅದು ಮೇಲಿನ ಪ್ರಿಸಂ ಗಾಜಿಗೆ ತಿರುಗಿಸುತ್ತದೆ. ನಮ್ಮ ಕಣ್ಣಿಗೆ ಕಾಣುವುದು ಲೆನ್ಸು ಕಂಡ ನೋಟವೇ. ಬಟನ್ ಒತ್ತಿದ ಕೂಡಲೇ ಲೆನ್ಸಿನೊಳಗೆ ಬೆಳಕಿನ ದಾರಿಯನ್ನು ಕಿರಿದು ಮಾಡುವ ಅಪರ್ಚರ್ ಬ್ಲೇಡುಗಳು ಮುಚ್ಚಿಕೊಳ್ಳಬೇಕು, ಕನ್ನಡಿ ಮೇಲಕ್ಕೆ ಏಳಬೇಕು, ಶಟರಿನ ಮೊದಲ ಪರದೆ ಓಡಬೇಕು, ಅದರ ಬೆನ್ನಿಗೇ ಎರಡನೆಯದು ಓಡಬೇಕು, ಕನ್ನಡಿ ಮತ್ತೆ ಇಳಿಯಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ ಇಷ್ಟೂ ಮುಗಿಯಬೇಕು. ಅದಕ್ಕೆ ಬೇಕಾದ ಶಕ್ತಿ ಬರುವುದು ರೀಲು ತಿರುಗಿಸಿದಾಗ ಬಿಗಿಯಾದ ಸ್ಪ್ರಿಂಗಿನಿಂದ. ಜರ್ಮನಿಯ ಕಿನೆ ಎಕ್ಸಾಕ್ಟಾ 1936ರಲ್ಲಿ ಬಂದಾಗ ಕನ್ನಡಿ ತಾನಾಗಿ ಇಳಿಯುತ್ತಿರಲಿಲ್ಲ. ಚಿತ್ರ ತೆಗೆದ ಮೇಲೆ ನೋಡುವ ಕಿಂಡಿ ಕತ್ತಲಾಗುತ್ತಿತ್ತು. 1954ರಲ್ಲಿ ಜಪಾನಿನ ಅಸಾಹಿಫ್ಲೆಕ್ಸ್ ತಕ್ಷಣ ಇಳಿಯುವ ಕನ್ನಡಿಯನ್ನು ತಂದಿತು. 1959ರಲ್ಲಿ ನಿಕಾನ್ ಎಫ್ ಬಂದ ಮೇಲೆ ಸುದ್ದಿ ಛಾಯಾಗ್ರಾಹಕರು ಈ ಬಗೆಯ ಕ್ಯಾಮೆರಾವನ್ನು ನಂಬತೊಡಗಿದರು. ಚಲಿಸುವ ಭಾಗಗಳು ಇಷ್ಟೊಂದಿರುವ ಯಂತ್ರ ಗಟ್ಟಿ ಎಂದು ಹೆಸರಾದದ್ದೇ ದೊಡ್ಡ ಸಾಧನೆ.

ಗಟ್ಟಿ ಎನ್ನುವಾಗ ನಾವು ಬೇರೆ ಬೇರೆ ಸಂಗತಿಗಳನ್ನು ಕಲಸಿಬಿಡುತ್ತೇವೆ. ಕೆಳಗೆ ಬಿದ್ದರೆ ಪೆಟ್ಟು ತಾಳುವುದು ಒಂದು. ಸಾವಿರಾರು ಸಲ ಒತ್ತಿದರೂ ಸವೆಯದಿರುವುದು ಇನ್ನೊಂದು. ಮುಟ್ಟದೆ ಕಪಾಟಿನಲ್ಲಿ ಇಟ್ಟರೂ ನಲವತ್ತು ವರ್ಷದ ಮೇಲೆ ನಡೆಯುವುದು ಮತ್ತೊಂದು. ಮೊದಲನೆಯದರಲ್ಲಿ ಹಳೇ ಕ್ಯಾಮೆರಾಗಳು ನಿಜಕ್ಕೂ ಗೆದ್ದವು. ಒಳಚೌಕಟ್ಟು ಎರಕದ ಅಲ್ಯೂಮಿನಿಯಂ ಮಿಶ್ರಲೋಹ, ಮೇಲಿನ ಮತ್ತು ಕೆಳಗಿನ ಮುಚ್ಚಳ ಹಿತ್ತಾಳೆ. ಬಿದ್ದರೆ ಮುಚ್ಚಳ ನಗ್ಗುತ್ತದೆ, ಸೀಳುವುದಿಲ್ಲ. ಬ್ರಿಟನ್ನಿನ ಯುದ್ಧ ಛಾಯಾಗ್ರಾಹಕ ಡಾನ್ ಮೆಕಲಿನ್ ಅವರ ನಿಕಾನ್ ಎಫ್ ಇಂಡೋಚೀನಾದ ಯುದ್ಧದಲ್ಲಿ ಬಂದೂಕಿನ ಗುಂಡನ್ನು ತಡೆದ ಸಂಗತಿ ಎಲ್ಲರಿಗೂ ಗೊತ್ತು. ಆ ಕ್ಯಾಮೆರಾ ಅವರ ಜೀವ ಉಳಿಸಿತು. ಆದರೆ ಅದರ ಮೇಲೆ ಎಲ್ಲ ಹಳೇ ಕ್ಯಾಮೆರಾಗಳ ಗುಣವನ್ನು ಅಳೆಯಲಾಗದು. ಅದು ವೃತ್ತಿಪರರಿಗೆಂದೇ ಮಾಡಿದ ದುಬಾರಿ ಯಂತ್ರ. ನಮ್ಮ ಊರಿನ ಮದುವೆ ಚಪ್ಪರಕ್ಕೆ ಬಂದದ್ದು ಬಹುತೇಕ ಬೇರೆಯೇ.

ಹಾಗಾದರೆ ಬಂದದ್ದು ಯಾವುದು? ಸಣ್ಣ ಊರುಗಳ ಸ್ಟುಡಿಯೋಗಳು ಮೊದಲು ನಂಬಿದ್ದು ಸೊಂಟದ ಮಟ್ಟದಲ್ಲಿ ಹಿಡಿದು ಮೇಲಿನಿಂದ ನೋಡುವ ಎರಡು ಕಣ್ಣಿನ ಯಾಷಿಕಾ, ರೋಲಿಫ್ಲೆಕ್ಸ್ ಕ್ಯಾಮೆರಾಗಳನ್ನು. ಮನೆಗಳಲ್ಲಿ ವಡೋದರದಲ್ಲಿ ತಯಾರಾದ ಅಗ್ಫಾ ಕ್ಲಿಕ್ ಇತ್ತು. ಎಸ್‌ಎಲ್‌ಆರ್ ಬೇಕೆಂದರೆ ಪೂರ್ವ ಜರ್ಮನಿಯ ಪ್ರಾಕ್ಟಿಕಾ, ಸೋವಿಯತ್ ರಷ್ಯಾದ ಜೆನಿಟ್ ಸಿಗುತ್ತಿದ್ದವು. ಜಪಾನಿನ ಮಾಲಿಗೆ ಆಮದು ಸುಂಕ ಭಾರಿ ಇದ್ದ ಕಾಲ ಅದು; ಗಲ್ಫಿನಲ್ಲೋ ಸಿಂಗಪುರದಲ್ಲೋ ಇದ್ದ ನೆಂಟರ ಕೈಯಲ್ಲಿ ತರಿಸಬೇಕು, ಇಲ್ಲವೇ ಮದ್ರಾಸಿನ ಬರ್ಮಾ ಬಜಾರಿಗೆ ಹೋಗಬೇಕು. 1991ರ ಆರ್ಥಿಕ ಸುಧಾರಣೆಯ ನಂತರ ದಾರಿ ಸಲೀಸಾಯಿತು. ಕೆ1000, ಯಾಷಿಕಾ ಎಫ್‌ಎಕ್ಸ್-3, ನಿಕಾನ್ ಎಫ್‌ಎಂ10 ಸಣ್ಣ ಊರಿನವರ ಕೈಗೂ ಎಟುಕಿದವು. ಅಂಗಡಿ ಸ್ವಲ್ಪ ಬೆಳೆದವರು ಎಫ್‌ಎಂ2 ಕೊಂಡರು.

ಜೆನಿಟ್ ಬಗ್ಗೆ ಎರಡು ಮಾತು ಹೇಳಲೇಬೇಕು. 1965ರಲ್ಲಿ ಶುರುವಾದ ಜೆನಿಟ್-ಇ ಲಕ್ಷಗಟ್ಟಲೆ ತಯಾರಾಯಿತು. ಹೆಲಿಯೋಸ್ ಲೆನ್ಸು ಸೇರಿ ಕಿಲೋ ಹತ್ತಿರ ತೂಕ. ಬೆಳಕು ಅಳೆಯಲು ಸೆಲೆನಿಯಂ ಫಲಕ, ಬ್ಯಾಟರಿಯೇ ಬೇಡ. ಶಟರ್ ವೇಗ 1/30ರಿಂದ 1/500ರವರೆಗೆ ಮಾತ್ರ. ನಿಧಾನದ ವೇಗಗಳೇ ಇಲ್ಲದ್ದರಿಂದ ಅದಕ್ಕೆ ಬೇಕಾದ ಸೂಕ್ಷ್ಮ ಗೇರುಗಳೂ ಇಲ್ಲ, ಕೆಡುವುದೂ ಕಡಿಮೆ. ಹೊರಗಿನ ಮೈ ಯುದ್ಧ ಟ್ಯಾಂಕಿನಷ್ಟು ದಪ್ಪ. ಆದರೂ ಒಂದು ಕ್ಯಾಮೆರಾ ಹತ್ತು ವರ್ಷ ದುಡಿದರೆ ಅದೇ ಪೆಟ್ಟಿಗೆಯಲ್ಲಿ ಪಕ್ಕದಲ್ಲಿದ್ದ ಇನ್ನೊಂದು ಮೊದಲ ತಿಂಗಳೇ ರೀಲು ಎಳೆಯಲು ತಕರಾರು ಮಾಡುತ್ತಿತ್ತು. ಲೋಹ ದಪ್ಪಗಿದ್ದ ಮಾತ್ರಕ್ಕೆ ಜೋಡಣೆ ಚೊಕ್ಕಟವಾಗಿತ್ತು ಎಂದಲ್ಲ. ಕಟ್ಟಡದ ಗುಣಮಟ್ಟ ಎಂದರೆ ಕಲ್ಲಿನ ದಪ್ಪ ಮಾತ್ರವಲ್ಲ, ಗಾರೆಯವನ ಕೈಯೂ ಹೌದು. ಜಪಾನಿನವರು ಗೆದ್ದದ್ದು ಈ ಎರಡನೆಯದರಲ್ಲಿ.

ಸವೆತದ ಲೆಕ್ಕಕ್ಕೆ ಬರೋಣ. ಇಲ್ಲಿ ನಂಬಿಕೆಗಿಂತ ಗಣಿತ ಮೇಲು. 1971ರ ಕ್ಯಾನನ್ ಎಫ್-1 ಕ್ಯಾಮೆರಾಕ್ಕೆ ಕಂಪನಿ ಹೇಳಿಕೊಂಡ ಬಾಳಿಕೆ 1 ಲಕ್ಷ ಕ್ಲಿಕ್ಕು. ಆ ಕಾಲಕ್ಕೆ ಇದು ವೃತ್ತಿಪರ ಕ್ಯಾಮೆರಾದ ಮಟ್ಟ. 36 ಚಿತ್ರಗಳ ರೀಲಿನಿಂದ ಭಾಗಿಸಿದರೆ 2,777 ರೀಲು. ಒಂದು ಮದುವೆಗೆ 4 ರೀಲು, ವರ್ಷಕ್ಕೆ 60 ಮದುವೆ ಎಂದಿಟ್ಟುಕೊಳ್ಳಿ. ಹನ್ನೊಂದೂವರೆ ವರ್ಷ ನಡೆಯುತ್ತದೆ. ಮನೆಯಲ್ಲಿ ಯುಗಾದಿ, ದೀಪಾವಳಿ, ತೊಟ್ಟಿಲು, ಜವಳ ಎಂದು ವರ್ಷಕ್ಕೆ 5 ರೀಲು ತೆಗೆದರೆ ಅದೇ ಶಟರು 500 ವರ್ಷ ಮೀರುತ್ತದೆ. ಈಗ ಡಿಜಿಟಲ್ ಕಡೆ ನೋಡಿ. ಒಂದು ಮದುವೆಗೆ 3,000 ಚಿತ್ರ ಎಂದರೆ ಅದೇ 60 ಮದುವೆಗೆ 1 ಲಕ್ಷ 80 ಸಾವಿರ ಕ್ಲಿಕ್ಕು, ಒಂದೇ ವರ್ಷದಲ್ಲಿ. ನಿಕಾನ್ ಡಿ850ಕ್ಕೆ ಕಂಪನಿ ಹೇಳುವ ಬಾಳಿಕೆ 2 ಲಕ್ಷ, ಡಿ5ಕ್ಕೆ 4 ಲಕ್ಷ. ಅಂದರೆ ಶಟರಿನ ಮಟ್ಟಿಗೆ ಹೊಸ ಯಂತ್ರವೇ ಹೆಚ್ಚು ದುಡಿಯಬಲ್ಲದು. ಹಳೇ ಕ್ಯಾಮೆರಾ ಸವೆಯಲಿಲ್ಲ ಎಂದು ನಾವು ಹೊಗಳುವಾಗ, ಅದನ್ನು ಎಷ್ಟು ಕಡಿಮೆ ದುಡಿಸಿದ್ದೆವು ಎಂಬುದನ್ನು ಮರೆಯುತ್ತೇವೆ. ರೀಲು, ತೊಳೆಯುವ ಖರ್ಚು, ಕಾಪಿಯ ಖರ್ಚು ಬೆರಳನ್ನು ಹಿಡಿದಿಟ್ಟಿದ್ದವು. ಬೆರಳು ತಡೆದದ್ದಕ್ಕೇ ಯಂತ್ರ ಉಳಿಯಿತು.

ಈಗ ನಮ್ಮ ನೆಲ, ನಮ್ಮ ಹವೆ. ಈ ಐದು ತಾಲ್ಲೂಕುಗಳಲ್ಲಿ ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕೂಡ್ಲಿಗಿ ಕಡೆ ಕೆಂಪು ಮಸಾರಿ, ಹಡಗಲಿ ಕಡೆ ಎರೆ ಭೂಮಿ. ಎರಡರ ದೂಳೂ ನುಣುಪು. ಕ್ಯಾಮೆರಾದ ಶತ್ರು ಎಂದು ಪುಸ್ತಕಗಳಲ್ಲಿ ಮೊದಲು ಬರೆಯುವುದು ಫಂಗಸ್. ತೇವ ಶೇಕಡಾ 60 ದಾಟಿ ಬಹುಕಾಲ ನಿಂತರೆ ಲೆನ್ಸಿನ ಗಾಜಿನ ಮೇಲೆ ಜೇಡರಬಲೆಯಂತೆ ಬೂಷ್ಟು ಹಬ್ಬುತ್ತದೆ. ಅದು ಬಿಡುವ ಆಮ್ಲ ಗಾಜಿನ ಲೇಪವನ್ನು ಕೊರೆಯುತ್ತದೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಎಷ್ಟೋ ಒಳ್ಳೆಯ ಲೆನ್ಸುಗಳು ಹೀಗೆ ಹಾಳಾಗಿವೆ. ನಮ್ಮ ಒಣ ಹವೆ ಇಲ್ಲಿ ದೊಡ್ಡ ಉಪಕಾರ ಮಾಡಿದೆ. ಹರಪನಹಳ್ಳಿಯ ಕಪಾಟಿನಿಂದ ಹೊರಬಂದ ಲೆನ್ಸು ಆಗುಂಬೆಯ ಕಪಾಟಿನ ಲೆನ್ಸಿಗಿಂತ ನಿರ್ಮಲವಾಗಿರುವ ಸಂಭವ ಹೆಚ್ಚು. ಹಳೇ ಕ್ಯಾಮೆರಾ ಕೊಳ್ಳುವವರು ಅದು ಯಾವ ಸೀಮೆಯದು ಎಂದು ಕೇಳುವುದು ಒಳ್ಳೆಯದು.

ದೂಳು ಮಾತ್ರ ಬಿಡುವುದಿಲ್ಲ. ಮಾಘದಲ್ಲಿ ಕೊಟ್ಟೂರು ಗುರುಬಸವೇಶ್ವರನ ತೇರು ಎಳೆಯುವ ಹೊತ್ತಿನ ಬೀದಿಯನ್ನು ನೆನೆಯಿರಿ. ಲಕ್ಷಾಂತರ ಕಾಲುಗಳು ಎಬ್ಬಿಸಿದ ದೂಳು, ಅದರ ಮೇಲೆ ತೇರಿಗೆ ಎಸೆಯುವ ಬಾಳೆಹಣ್ಣು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಇದರ ಜೊತೆಗೆ ಭಂಡಾರ. ಅರಿಸಿನದ ಆ ಪುಡಿ ಗಾಳಿಯಲ್ಲೇ ತೇಲುತ್ತಿರುತ್ತದೆ. ಗೊರವಯ್ಯ ಬಿಲ್ಲೇರಿ ಕಾರ್ಣಿಕದ ಭವಿಷ್ಯವಾಣಿ ನುಡಿಯುವ ಕ್ಷಣ ಒಂದೇ. ಅದನ್ನು ಹಿಡಿಯಲು ದೊಡ್ಡ ಲೆನ್ಸು ಹಾಕಬೇಕೆಂದರೆ ಅಲ್ಲೇ, ಆ ಭಂಡಾರದ ನಡುವೆಯೇ ಬದಲಿಸಬೇಕು. ನುಣ್ಣನೆಯ ಪುಡಿ ಫೋಕಸ್ ಬಳೆಯ ಎಳೆಗಳೊಳಗೆ ಸೇರಿ ಗ್ರೀಸಿನೊಂದಿಗೆ ಕಲಸಿಕೊಂಡರೆ ಅದು ಉಜ್ಜುವ ಮಸಾಲೆಯೇ ಆಗುತ್ತದೆ. ಈ ಕ್ಯಾಮೆರಾಗಳಲ್ಲಿ ಯಾವುದಕ್ಕೂ ದೂಳು ತಡೆಯುವ ರಬ್ಬರು ಬಂದೋಬಸ್ತು ಇರಲಿಲ್ಲ. ಲೋಹದ ಮೈ ಎಂದರೆ ದೂಳು ಹೋಗದ ಮೈ ಎಂದು ಬಹಳ ಜನ ತಿಳಿದಿದ್ದಾರೆ. ಅದು ತಪ್ಪು ತಿಳಿವಳಿಕೆ. ರೀಲು ಕ್ಯಾಮೆರಾಕ್ಕೆ ಇದ್ದ ಒಂದು ಅನುಕೂಲವೆಂದರೆ ಪ್ರತಿ ಚಿತ್ರಕ್ಕೂ ಹೊಸ ಫಿಲ್ಮು ಬರುತ್ತದೆ. ಕೂತ ದೂಳು ಆ ಚಿತ್ರದೊಂದಿಗೇ ಹೋಗುತ್ತದೆ. ಡಿಜಿಟಲ್ ಸೆನ್ಸರಿನ ಮೇಲೆ ಕೂತದ್ದು ಅಲ್ಲೇ ಇರುತ್ತದೆ. ಆದರೆ ಮರಳಿನ ಒಂದು ಕಣ ಹಿಂಬದಿಯ ಒತ್ತು ತಗಡಿಗೆ ಅಂಟಿದರೆ, ಉಳಿದ ಇಡೀ ರೀಲಿನ ಉದ್ದಕ್ಕೂ ಒಂದೇ ಗೆರೆ ಎಳೆಯುತ್ತದೆ. ಲ್ಯಾಬಿನವರನ್ನು ಬೈದ ಎಷ್ಟೋ ಗೆರೆಗಳು ಹೀಗೆ ಕ್ಯಾಮೆರಾದಲ್ಲೇ ಹುಟ್ಟಿದವು.

ಬಿಸಿಲಿನ ಹಾನಿ ಇನ್ನೂ ಗುಟ್ಟಿನದು. ತಗಡಿನ ಟ್ರಂಕಿನಲ್ಲೋ ಬಿಸಿಲಲ್ಲಿ ನಿಂತ ಜೀಪಿನಲ್ಲೋ ಇಟ್ಟರೆ ಒಳಗಿನ ಬಿಸಿ ಹೊರಗಿನದಕ್ಕಿಂತ ಬಹಳ ಏರುತ್ತದೆ. ಕ್ಯಾನನ್ ತನ್ನ ಎಫ್-1 ಮೈನಸ್ 30ರಿಂದ 60 ಡಿಗ್ರಿಯವರೆಗೆ ನಡೆಯುತ್ತದೆ ಎಂದು ಹೇಳಿಕೊಂಡಿತ್ತು. ಸಾಮಾನ್ಯ ಕ್ಯಾಮೆರಾಗಳಿಗೆ ಆ ಭರವಸೆ ಇರಲಿಲ್ಲ. ಬಿಸಿಗೆ ಫೋಕಸ್ ಬಳೆಯ ಗ್ರೀಸು ತೆಳ್ಳಗಾಗಿ ಎಣ್ಣೆ ಬೇರೆಯಾಗುತ್ತದೆ, ಹರಿದು ಅಪರ್ಚರ್ ಬ್ಲೇಡುಗಳ ಮೇಲೆ ಕೂರುತ್ತದೆ. ಬ್ಲೇಡುಗಳು ಅಂಟಿಕೊಂಡು ತಡವಾಗಿ ಮುಚ್ಚುತ್ತವೆ. ಚಿತ್ರಗಳಿಗೆ ಬೆಳಕು ಹೆಚ್ಚಾಗುತ್ತದೆ. ಕ್ಯಾಮೆರಾ ಹೊರಗೆ ಹೊಸದರಂತೆ ಹೊಳೆಯುತ್ತಿರುತ್ತದೆ, ಒಳಗೆ ಲೆನ್ಸು ಸೋಮಾರಿಯಾಗಿರುತ್ತದೆ. ಬಟ್ಟೆಯ ಶಟರ್ ಪರದೆಗೂ ಇದೇ ಪಾಡು. ರಬ್ಬರು ಸವರಿದ ಆ ಬಟ್ಟೆ ಒಣಗಿ ಗಡುಸಾಗಿ, ಮಡಿಕೆಯಲ್ಲಿ ಸೂಜಿಮೊನೆಯಷ್ಟು ತೂತುಗಳು ಬಿಡುತ್ತವೆ. ಕನ್ನಡಿ ಇಲ್ಲದ ಲೈಕಾ ಮಾದರಿಯ ಕ್ಯಾಮೆರಾವನ್ನು ಬಿಸಿಲಿಗೆ ಮುಖ ಮಾಡಿ ಇಟ್ಟರೆ ಲೆನ್ಸು ಭೂತಗನ್ನಡಿಯಾಗಿ ಬಟ್ಟೆ ಪರದೆಯನ್ನೇ ಸುಡುತ್ತಿತ್ತು. ಎಸ್‌ಎಲ್‌ಆರ್‌ನಲ್ಲಿ ಕನ್ನಡಿ ಅಡ್ಡ ನಿಂತು ಪರದೆಯನ್ನು ಕಾಯುತ್ತದೆ. ಬಯಲುಸೀಮೆಗೆ ಈ ಕಾರಣಕ್ಕೂ ಎಸ್‌ಎಲ್‌ಆರ್ ಹೊಂದಿಕೆಯಾಯಿತು. ಲೋಹದ ಪರದೆಯ ಯಂತ್ರಗಳು ಇನ್ನೂ ಮೇಲು. ನಿಕಾನ್ ಎಫ್ ಟೈಟಾನಿಯಂ ಹಾಳೆಯ ಪರದೆ ಬಳಸಿತ್ತು. 1982ರ ಎಫ್‌ಎಂ2 ಜೇನುಗೂಡಿನ ವಿನ್ಯಾಸ ಕೊರೆದ ಟೈಟಾನಿಯಂ ಪರದೆಗಳಿಂದ 1/4000 ಸೆಕೆಂಡಿನ ವೇಗ ಮುಟ್ಟಿತು, ಅದೂ ಬ್ಯಾಟರಿಯ ಹಂಗಿಲ್ಲದೆ.

ಕೂಡ್ಲಿಗಿಗೆ ಹೊಂದಿಕೊಂಡ ಸಂಡೂರಿನ ಎಂ.ವೈ. ಘೋರ್ಪಡೆ ಇದೇ ಬಿಸಿಲ ನಾಡಿನವರು. ರಾಜಮನೆತನದವರು, 1970ರ ದಶಕದಲ್ಲಿ ರಾಜ್ಯದ ಹಣಕಾಸು ಸಚಿವರು, ದೇಶ ಮೆಚ್ಚಿದ ವನ್ಯಜೀವಿ ಛಾಯಾಗ್ರಾಹಕರು. ಅವರ ಕಪ್ಪು-ಬಿಳುಪು ಚಿತ್ರಗಳ ಪುಸ್ತಕ 1983ರಲ್ಲಿ ಲಂಡನ್ನಿನಿಂದ ಬಂತು. ಕಾಡಿನಲ್ಲಿ ಗಂಟೆಗಟ್ಟಲೆ ಕಾದು ಸಿಗುವ ಒಂದು ಕ್ಷಣಕ್ಕೆ ಯಂತ್ರ ಕೈಕೊಟ್ಟರೆ ಎರಡನೇ ಅವಕಾಶವಿಲ್ಲ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರೂ ಇದೇ ಶರತ್ತಿನ ಮೇಲೆ ಕೆಲಸ ಮಾಡಿದವರು. ಕರ್ನಾಟಕದ ವನ್ಯಜೀವಿ ಛಾಯಾಗ್ರಹಣದ ಹಿರಿಮೆಯ ಹಿಂದೆ ಆ ಯಂತ್ರಗಳ ನಂಬಿಕೆಯ ಗುಣವೂ ಇದೆ ಎಂದು ನಾನು ಅಭಿಮಾನದಿಂದಲೇ ಹೇಳುತ್ತೇನೆ.

ಇನ್ನು ಕಾಲದ ಪರೀಕ್ಷೆ. ಇಲ್ಲಿ ಸೋಲುವುದು ಲೋಹವಲ್ಲ, ಲೋಹದ ನಡುವೆ ಇಟ್ಟ ಅಗ್ಗದ ಸಾಮಾನು. ಹಿಂಬಾಗಿಲಿನ ಸಂದಿಯಲ್ಲಿ ಬೆಳಕು ನುಗ್ಗದಂತೆ, ಕನ್ನಡಿ ಬಡಿಯುವಲ್ಲಿ ಸದ್ದಾಗದಂತೆ ಕಪ್ಪು ಸ್ಪಂಜು ಅಂಟಿಸುತ್ತಿದ್ದರು. ಹತ್ತು ಹದಿನೈದು ವರ್ಷಕ್ಕೆ ಅದು ಕರಗಿ ಡಾಂಬರಿನಂತೆ ಅಂಟಾಗುತ್ತದೆ. 1972ರಲ್ಲಿ ಬಂದ ಒಲಿಂಪಸ್ ಓಎಂ-1 ಹಗುರ, ಸುಂದರ, ಮೈತಾನಿ ಎಂಬ ಪ್ರತಿಭಾವಂತ ವಿನ್ಯಾಸಕನ ಕೃತಿ. ಅದರಲ್ಲಿ ಪ್ರಿಸಂ ಪಕ್ಕದ ಸ್ಪಂಜೇ ಕೊಳೆತು ಗಾಜಿನ ಬೆಳ್ಳಿ ಲೇಪವನ್ನು ತಿನ್ನುತ್ತದೆ. ಎಫ್‌ಎಕ್ಸ್-3ರ ಮೈಮೇಲಿನ ರೆಕ್ಸಿನ್ ಸುಲಿದು ಬರುವುದು ಅದನ್ನು ಇಟ್ಟುಕೊಂಡ ಎಲ್ಲರಿಗೂ ಗೊತ್ತು. ಹಲವು ಕ್ಯಾಮೆರಾಗಳ ಮೀಟರು 1.35 ವೋಲ್ಟಿನ ಪಾದರಸದ ಬ್ಯಾಟರಿಗೆ ಹೊಂದಿಸಿದ್ದು. ಆ ಬ್ಯಾಟರಿ ನಿಂತುಹೋಗಿದೆ, ಈಗಿನ 1.5 ವೋಲ್ಟಿನದು ಹಾಕಿದರೆ ಬೆಳಕಿನ ಲೆಕ್ಕ ತಪ್ಪುತ್ತದೆ.

ಎಲ್ಲಕ್ಕಿಂತ ಮೊದಲು ಸಾಯುವುದು ಎಲೆಕ್ಟ್ರಾನಿಕ್ಸ್. 1976ರ ಕ್ಯಾನನ್ ಎಇ-1 ಮೈಕ್ರೊಪ್ರೊಸೆಸರ್ ಇದ್ದ ಮೊದಲ ಎಸ್‌ಎಲ್‌ಆರ್. 50 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಅದರ ಮೇಲಿನ ಮುಚ್ಚಳ ಲೋಹದ ಹೊಳಪು ಕೊಟ್ಟ ಪ್ಲಾಸ್ಟಿಕ್. ಬ್ಯಾಟರಿ ಮುಗಿದರೆ ಶಟರೇ ಬೀಳದು. ವಯಸ್ಸಾದಂತೆ ಕನ್ನಡಿಯ ಗೇರಿನ ಎಣ್ಣೆ ಒಣಗಿ ಕ್ಲಿಕ್ಕಿನ ಜೊತೆ ಕೀರಲು ದನಿ ಬರುತ್ತದೆ. ಅದು ಎಣ್ಣೆ ಬಿಟ್ಟರೆ ಹೋಗುವ ರೋಗ. 1981ರ ಮಿನೋಲ್ಟಾ ಎಕ್ಸ್-700ರಲ್ಲಿ ಕೆಪ್ಯಾಸಿಟರ್ ಹೋದರೆ ಕ್ಯಾಮೆರಾ ಜಡವಾಗಿ ಕೂರುತ್ತದೆ. ಸರ್ಕ್ಯೂಟ್ ಬೋರ್ಡೇ ಸತ್ತರೆ ಹೊಸ ಬೋರ್ಡು ಮಾಡುವವರಿಲ್ಲ. ಇನ್ನೊಂದು ಸತ್ತ ಕ್ಯಾಮೆರಾದಿಂದ ಕಿತ್ತೇ ಹಾಕಬೇಕು.

ಪ್ಲಾಸ್ಟಿಕ್ಕಿನ ವಿಷಯದಲ್ಲಿ ಸ್ಟುಡಿಯೋದವರ ತೀರ್ಪನ್ನು ನಾನು ಪೂರ್ತಿ ಒಪ್ಪುವುದಿಲ್ಲ. 1995ರ ಎಫ್‌ಎಂ10 ಹೆಸರಿಗೆ ನಿಕಾನ್, ತಯಾರಿಸಿದ್ದು ಕೊಸಿನಾ ಕಂಪನಿ. ಹೊರಗೆ ಪ್ಲಾಸ್ಟಿಕ್, ಒಳಚೌಕಟ್ಟು ಲೋಹ. ನಿಕಾನ್ 2006ರಲ್ಲಿ ರೀಲು ಕ್ಯಾಮೆರಾಗಳನ್ನೆಲ್ಲ ನಿಲ್ಲಿಸಿದಾಗಲೂ ಉಳಿಸಿಕೊಂಡ ಎರಡರಲ್ಲಿ ಇದೊಂದು. ಛಾಯಾಗ್ರಹಣ ಕಲಿಯುವ ಹುಡುಗರ ಕೈಯಲ್ಲಿ ಇದು ಚೆನ್ನಾಗಿಯೇ ದುಡಿದಿದೆ. ಇನ್ನೊಂದೆಡೆ, ಲೋಹದ ಗಟ್ಟಿತನಕ್ಕೆ ಹೆಸರಾದ ಕೆ1000 ಕೂಡ ಒಂದೇ ಯಂತ್ರವಲ್ಲ. 1976ರಿಂದ 1997ರವರೆಗೆ 30 ಲಕ್ಷಕ್ಕೂ ಹೆಚ್ಚು ತಯಾರಾದ ಅದು ಜಪಾನಿನಿಂದ ಹಾಂಗ್‌ಕಾಂಗ್‌ಗೆ, ಅಲ್ಲಿಂದ ಚೀನಾಕ್ಕೆ ಹೋಯಿತು. ಕೊನೆಕೊನೆಯಲ್ಲಿ ಲೋಹದ ಹಲವು ಭಾಗಗಳು ಪ್ಲಾಸ್ಟಿಕ್ ಆದವು. ಹೆಸರು ಒಂದೇ, ಒಳಗಿನ ಮಾಲು ಬೇರೆ. ಕೊಳ್ಳುವಾಗ ಕೆಳಗಿನ ತಗಡು, ತಯಾರಾದ ದೇಶ ಎರಡನ್ನೂ ನೋಡಬೇಕು. ಕೆ1000ಕ್ಕೆ ಮೀಟರಿನ ಸ್ವಿಚ್ಚೇ ಇಲ್ಲ. ಲೆನ್ಸಿಗೆ ಮುಚ್ಚಳ ಹಾಕದಿದ್ದರೆ ಬ್ಯಾಟರಿ ಸುಮ್ಮನೆ ಖಾಲಿಯಾಗುತ್ತದೆ. ಆದರೆ ಬ್ಯಾಟರಿ ಇಲ್ಲದೆಯೂ ಅದರ ಎಲ್ಲ ವೇಗಗಳೂ ನಡೆಯುತ್ತವೆ.

ನನ್ನ ತೀರ್ಮಾನ ಇಲ್ಲಿಗೆ ಬರುತ್ತದೆ. ಈ ಕ್ಯಾಮೆರಾಗಳು ಉಳಿದದ್ದು ಕೆಡದಿದ್ದುದರಿಂದಲ್ಲ, ಕೆಟ್ಟಾಗ ಬಿಚ್ಚಲು ಬಂದದ್ದರಿಂದ. ಸ್ಕ್ರೂ ತೆಗೆದರೆ ಮುಚ್ಚಳ ಏಳುತ್ತದೆ, ಸ್ಪ್ರಿಂಗು ಕಣ್ಣಿಗೆ ಕಾಣುತ್ತದೆ, ಗೇರು ಬೆರಳಿಗೆ ಸಿಗುತ್ತದೆ. ವಾಚು ರಿಪೇರಿ ಬಲ್ಲವನು ಸಹನೆಯಿಂದ ಕೂತರೆ ಅರ್ಥವಾಗುವ ಯಂತ್ರ ಅದು. ನಮ್ಮ ಐದು ಊರಿನವರು ದೊಡ್ಡ ರಿಪೇರಿಗೆ ದಾವಣಗೆರೆಗೋ ಹುಬ್ಬಳ್ಳಿಗೋ ಬೆಂಗಳೂರಿಗೋ ಬಸ್ಸು ಹತ್ತಬೇಕಿತ್ತು ನಿಜ; ಆದರೆ ಬಸ್ಸು ಹತ್ತಿದರೆ ಕ್ಯಾಮೆರಾ ಸರಿಹೋಗಿ ಬರುತ್ತಿತ್ತು. ಆ ಕೆಲಸ ಬಲ್ಲ ಕೈಗಳು ಈಗ ಮುದಿಯಾಗಿವೆ, ಅವರ ಬಳಿ ಕಲಿಯಲು ಕೂತವರು ತೀರ ಕಡಿಮೆ. ಲೋಹ ಇನ್ನೂ ನೂರು ವರ್ಷ ಇರಬಹುದು. ಅದನ್ನು ಬಿಚ್ಚಿ ಕೂಡಿಸುವ ವಿದ್ಯೆ ಅಷ್ಟು ದಿನ ಇರುವ ಲಕ್ಷಣವಿಲ್ಲ. ಗಟ್ಟಿತನದ ಬಗ್ಗೆ ಮಾತಾಡುವವರು ಈ ನಷ್ಟದ ಬಗ್ಗೆ ಮೊದಲು ಮಾತಾಡಬೇಕು.

ಈಗ ಯಾರಾದರೂ ಕೊಳ್ಳುವುದಾದರೆ ನನ್ನ ಸಲಹೆ ನೇರ. ಬ್ಯಾಟರಿ ಇಲ್ಲದೆ ನಡೆಯುವ ಶಟರು ಇರಲಿ. ಹಣವಿದ್ದರೆ ಎಫ್‌ಎಂ2, ಇಲ್ಲದಿದ್ದರೆ ಹಳೆಯ ತಯಾರಿಕೆಯ ಕೆ1000. ರೆಕ್ಸಿನ್ ಸುಲಿದಿದ್ದರೂ ಒಳಗೆ ಚೆನ್ನಾಗಿರುವ ಎಫ್‌ಎಕ್ಸ್-3 ಸಿಕ್ಕರೆ ಬಿಡಬೇಡಿ. ರೆಕ್ಸಿನ್ ನಮ್ಮೂರಿನಲ್ಲೇ ಅಂಟಿಸಬಹುದು. ನೋಡುವಾಗ ಹಿಂಬಾಗಿಲು ತೆರೆದು, ವೇಗವನ್ನು 1 ಸೆಕೆಂಡಿಗೆ ಇಟ್ಟು ಒತ್ತಿ ಕಿವಿಗೊಡಿ. ಗೇರಿನ ಸದ್ದು ಒಂದೇ ಸಮನೆ ಹರಿದು ಮುಗಿಯಬೇಕು. ನಡುವೆ ತಡವರಿಸಿದರೆ ಒಳಗೆ ಎಣ್ಣೆ ಗಟ್ಟಿಯಾಗಿದೆ. ಬಾಗಳಿಯ ಕಲ್ಲೇಶ್ವರ ಗುಡಿಯ ಒಳಗಿನಂಥ ಮಬ್ಬು ಬೆಳಕಿನಲ್ಲಿ ಸ್ಟ್ಯಾಂಡ್ ಹಾಕಿ ಚಿತ್ರ ತೆಗೆಯಬೇಕೆನ್ನುವವರಿಗೆ ಈ ನಿಧಾನದ ವೇಗಗಳೇ ಬೇಕು, ಮೊದಲು ಕೆಡುವುದೂ ಅವೇ.

ಕಪಾಟಿನಲ್ಲಿ ಕ್ಯಾಮೆರಾ ಇರುವವರಿಗೆ ಒಂದು ಕೋರಿಕೆ. ಇವತ್ತೇ ಅದನ್ನು ಹೊರಗೆ ತೆಗೆಯಿರಿ. ಬ್ಯಾಟರಿ ಒಳಗಿದ್ದರೆ ತೆಗೆದುಬಿಡಿ. ಸೋರಿದ ಬ್ಯಾಟರಿ ತಿಂದ ಸಂಪರ್ಕವನ್ನು ಸರಿಮಾಡುವುದು ಕಷ್ಟ. ಚರ್ಮದ ಚೀಲದಿಂದ ಬಿಡಿಸಿ ಇಡಿ, ಚರ್ಮ ತೇವ ಹಿಡಿಯುತ್ತದೆ. ಸ್ಪ್ರಿಂಗು ಬಿಗಿಯಾಗಿ ಉಳಿಯದಂತೆ ಶಟರ್ ಬೀಳಿಸಿಯೇ ಇಡಿ, ತಿಂಗಳಿಗೊಮ್ಮೆ ಎಲ್ಲ ವೇಗಗಳಲ್ಲೂ ಒತ್ತಿ ನೋಡಿ. ಕೆಲಸ ಬಲ್ಲ ಮೆಕ್ಯಾನಿಕ್ ನಿಮ್ಮ ಗೊತ್ತಿನಲ್ಲಿದ್ದರೆ ಈ ವರ್ಷವೇ ಅವರ ಬಳಿ ಒಯ್ದು ಎಣ್ಣೆ, ಸ್ಪಂಜು ಬದಲಿಸಿಕೊಳ್ಳಿ, ಸಾಧ್ಯವಾದರೆ ಊರಿನ ಒಬ್ಬ ಹುಡುಗನನ್ನು ಜೊತೆಗೆ ಕರೆದುಕೊಂಡು ಹೋಗಿ ಅವರ ಕೈಕೆಲಸ ತೋರಿಸಿ.